ಎದುರುಮನೆಯ ನೀರಿನ ಅಂಕಿ

ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳಿಗೆ ಡ್ರಿಲ್ ಮಾಡಿಸಿದವಳು ನಾನು. ನಿವೃತ್ತಳಾಗಿ ಕೋಗಿಲು ಬಡಾವಣೆಯ ಈ ಅಪಾರ್ಟ್‌ಮೆಂಟಿಗೆ ಬಂದ ಮೇಲೂ ಬೆಳಗ್ಗೆ ಐದೂವರೆಗೆ ಕಾಫಿ, ಕಾಫಿಯ ಜೊತೆಗೆ ಹಿಂದಿನ ದಿನ ಮನೆಯಲ್ಲಿ ಖರ್ಚಾದ ನೀರಿನ ಅಂಕಿ. ಇದು ನಿಯಮ.

ಬೋರ್‌ವೆಲ್ ಬತ್ತಿ ಟ್ಯಾಂಕರಿಗೆ ಕಾಯುವಂತಾದಾಗ ಮನೆಮನೆಗೂ ಮೀಟರ್ ಹಾಕಿಸಿದ್ದು ನಮ್ಮ ಸಂಘದ ಕಾರ್ಯದರ್ಶಿ. ಹೆಬ್ಬಾಳದ ಆಫೀಸೊಂದರಲ್ಲಿ ಕೆಲಸ ಮಾಡುವ ಚುರುಕು ಹೆಣ್ಣುಮಗಳು; ಸಭೆಗೆ ಮಾತ್ರ ಸದಾ ಹತ್ತು ನಿಮಿಷ ತಡ. ಮೀಟರುಗಳ ಅಂಕಿಗಳನ್ನೆಲ್ಲ ಒಂದು ಸಾಫ್ಟ್‌ವೇರ್ ಒಟ್ಟುಮಾಡಿ, ವಿಶ್ಲೇಷಿಸಿ, ಮೊಬೈಲಿನಲ್ಲಿ ತೋರಿಸುತ್ತದೆ. "ಒಬ್ಬರ ಮನೆ ಲೆಕ್ಕ ಇನ್ನೊಬ್ಬರಿಗೆ ಕಾಣಲ್ಲ, ಇದು ನನ್ನ ಮಾತು" ಎಂದು ಅವಳು ಎಲ್ಲರೆದುರು ಹೇಳಿದ ಮೇಲೆಯೇ ಜನ ಒಪ್ಪಿದ್ದು. ಆ ಮಾತು ತಪ್ಪಿದರೆ ಮೀಟರ್ ಕೀಳಿಸುತ್ತೇನೆಂದು ನಮ್ಮ ಎದುರುಮನೆಯ ಯಜಮಾನರು ಆಗಲೇ ಎಚ್ಚರಿಸಿದ್ದರು.

ಉಳಿದವರು ನೆನಪಾದಾಗ ಮೊಬೈಲ್ ತೆರೆದು ನೋಡುತ್ತಾರೆ. ನನಗೆ ಹೊತ್ತು ಮುಖ್ಯ. 'ದಿನವೂ ಇಷ್ಟು ಗಂಟೆಗೆ ವರದಿ ಕಳುಹಿಸು' ಎಂಬ ಸೌಲಭ್ಯ ಹುಡುಕಿ ಐದೂವರೆ ಎಂದು ಹಾಕಿದೆ. ಮರುದಿನ ಶನಿವಾರ. ವರದಿ ಸರಿಯಾದ ಹೊತ್ತಿಗೇ ಬಂತು. ಆದರೆ ನನ್ನ ಮನೆಯದೊಂದೇ ಅಲ್ಲ, ನಲವತ್ತೆಂಟು ಮನೆಗಳದೂ.

ಶಿಸ್ತಿನವಳು ತಕ್ಷಣ ಮುಚ್ಚಬೇಕಿತ್ತು. ಎದುರುಮನೆಯ ಅಂಕಿ ನೋಡಿ ಮುಚ್ಚಿದೆ. ನಂಬಿಕೆಯಾಗದೆ ಮತ್ತೆ ತೆರೆದೆ. ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ನೀರು ಉಳಿಸುವ ಉಪದೇಶ ಮಾಡುವ ಮಹನೀಯರು ಅವರು. ಮನೆಯಲ್ಲಿರುವುದು ಇಬ್ಬರೇ, ಅಂಕಿ ನೋಡಿದರೆ ಆನೆ ಸಾಕಿದಂತಿತ್ತು.

ಆರು ಗಂಟೆಗೆ ಕಾರ್ಯದರ್ಶಿಯ ಬಾಗಿಲು ತಟ್ಟಿದೆ.

"ಶನಿವಾರ ಆಂಟಿ, ಶನಿವಾರ!" ಎಂದು ಕಣ್ಣುಜ್ಜುತ್ತಾ ಬಂದವಳು ನನ್ನ ಮೊಬೈಲ್ ನೋಡಿದ್ದೇ ನಿದ್ದೆ ಬಿಟ್ಟಳು. ಲ್ಯಾಪ್‌ಟಾಪ್ ತೆರೆದು ಅರ್ಧ ಗಂಟೆ ತಡಕಾಡಿ ಹೇಳಿದಳು: "ಟೈಮ್ ಹಾಕಿದ ವರದೀನೆಲ್ಲಾ ಇದು ಎಲ್ಲರ ಲೆಕ್ಕಾನೂ ಕಾಣೋ ಅಡ್ಮಿನ್ ಹೆಸರಲ್ಲಿ ತಯಾರು ಮಾಡುತ್ತೆ. ಕೇಳಿದ್ದು ಯಾರು ಅಂತ ನೋಡೋದೇ ಇಲ್ಲ. ಅಂದ್ರೆ ಅಷ್ಟೊತ್ತಿಗೆ ನೀವೇ ಅಡ್ಮಿನ್."

"ನಾನೇನೂ ಬಡ್ತಿ ಕೇಳಿರಲಿಲ್ಲಮ್ಮ."

ಅವಳು ನಗಲಿಲ್ಲ. "ನನ್ನ ಮಾತು ಹೋಯ್ತಲ್ಲ, ಆಂಟಿ."

"ನಾಳೆ ಸಭೇಲಿ ನೀನೇ ಹೇಳ್ಬಿಡು. ಬೇರೆಯವರು ಹೇಳಿದ್ರೆ ಆಗ ಹೋಗುತ್ತೆ."

ಭಾನುವಾರ ಅವಳು ಎಲ್ಲರಿಗಿಂತ ಮೊದಲು ಬಂದು ಕೂತಿದ್ದಳು. ದೋಷವೇನು, ಆ ಸೌಲಭ್ಯವನ್ನು ನಿಲ್ಲಿಸಿದ್ದು, ಸಾಫ್ಟ್‌ವೇರ್ ಮಾಡಿದವರಿಗೆ ಬರೆದದ್ದು, ವರದಿ ಹೋಗಿದ್ದು ಒಂದೇ ಮನೆಗೆ ಎಂಬುದು, ಎಲ್ಲವನ್ನೂ ಹೇಳಿದಳು. ಎದುರುಮನೆಯವರು ಎದ್ದರು.

"ನನ್ನ ಲೆಕ್ಕ ನೋಡಿದ್ದು ಯಾರ್ರೀ?"

ನಾನೂ ಎದ್ದೆ. "ನಾನು. ಎರಡು ಸಲ."

"ಎರಡು ಸಲ ಯಾಕೆ?"

"ಮೊದಲ್ನೇ ಸಲ ನಂಬಕ್ಕೆ ಆಗ್ಲಿಲ್ಲ ಸರ್. ಆದ್ರೆ ಆ ಅಂಕಿ ನನ್ನ ಬಾಯಿಂದ ಆಚೆ ಬರಲ್ಲ."

ಸಭೆಯೆಲ್ಲ ಅವರತ್ತ ತಿರುಗಿತು. ಅವರು ಕೂತರು. ಮೀಟರ್ ಇರಲಿ ಎನ್ನುವವರು ಕೈಯೆತ್ತಿ ಎಂದು ಕಾರ್ಯದರ್ಶಿ ಕೇಳಿದಾಗ ಮೊದಲು ಮೇಲೆದ್ದದ್ದು ಅವರ ಕೈಯೇ.