ಕಿಲುಬು ಮಾರಾಟಕ್ಕಿದೆ

ಗೆಳೆಯರೇ, ಇವತ್ತು ಫೋರ್ಟಿನಲ್ಲಿ ಟ್ರಾಮ್ ಇಳಿದು ಹೆಂಡತಿಯ ಜೊತೆ ಚಿತ್ರಪ್ರದರ್ಶನಕ್ಕೆ ಹೊಕ್ಕೆ. ದೊಡ್ಡದೊಂದು ತಾಮ್ರದ ತಗಡು, ಅದರ ಮೇಲೆ ಬರೀ ಹಸಿರು ಕಲೆ. ಮನುಷ್ಯನಿಲ್ಲ, ಮರವಿಲ್ಲ. ಕೆಳಗೆ 'ಮಾರಾಟಕ್ಕಿದೆ' ಅಂತ ಚೀಟಿ.

ನಮ್ಮಾಕೆ ಉಡುಪಿಯವಳು, ಸುಮ್ಮನಿರುತ್ತಾಳೆಯೇ? "ಎಷ್ಟು ಕಿಲುಬು ಮಾರಾಯ್ರೆ! ಹುಣಸೆಹುಳಿ ಹಾಕಿ ತಿಕ್ಕಿದರೆ ಫಳಫಳ ಹೊಳೀತದೆ."

ಪಕ್ಕದಲ್ಲೇ ಇದ್ದ ಚಿತ್ರಕಾರ ಧಾರವಾಡದವನು. ಹೌಹಾರಿಬಿಟ್ಟ. "ತಿಕ್ಕಬ್ಯಾಡ್ರಿ ಅಕ್ಕಾರ, ಆ ಕಿಲುಬೇ ಚಿತ್ರರೀ! ಸಮುದ್ರದ ಗಾಳಿಗೆ ಇಟ್ಟು ಬೆಳಿಸೇನ್ರಿ."

ಮತ್ತೆ ನೋಡಿದೆವು. ಸಂಜೆಬಿಸಿಲಿಗೆ ಕೆಂಪು ತಾಮ್ರದೊಳಗಿಂದ ಹಸಿರು ನಿಧಾನವಾಗಿ ಎದ್ದು ಬರುತ್ತಿತ್ತು. ಅವಳು ಕೈಮುಗಿದೇಬಿಟ್ಟಳು.

ಈಗ ಚೆಂಬೂರಿನ ಮನೆಯಲ್ಲಿ, ನೆನೆಸಿಟ್ಟ ಹುಣಸೆಹುಳಿ ಪಕ್ಕಕ್ಕೆ ಸರಿಸಿ, ಸ್ನಾನದ ತಾಮ್ರದ ಹಂಡೆಯನ್ನೇ ನೋಡುತ್ತ ಕೂತಿದ್ದಾಳೆ. "ಇಷ್ಟು ವರ್ಷ ಏನೇನೆಲ್ಲ ತಿಕ್ಕಿ ತೊಳೆದುಬಿಟ್ಟೆನೋ!"

ಹಂಡೆ ಮಾರಾಟಕ್ಕಿಲ್ಲ.