ಮೊಮ್ಮಗನಿಗೆ ನಾನೇ ಜಾಮೀನು

ನನ್ನ ಮೊಮ್ಮಗ ಮನೆಗೆ ಬಂದ. ಜಾಮೀನು ಸಿಕ್ಕಿತು, ಅದೂ ನನ್ನ ಹೊಲದ ಮೇಲೆ. ಕಂಡವರಿಗೆಲ್ಲ ಹೇಳಿ ಮುಗಿಸಿದ್ದೇನೆ, ಈಗ ಬರೆಯುತ್ತಿದ್ದೇನೆ.

ಮಾನ್ವಿ ಕಡೆಯ ನಮ್ಮೂರಿನಲ್ಲಿ ಕಾಲುವೆ ನೀರಿಗೆ ಜಗಳವಾಗಿ ಒಬ್ಬರ ತಲೆ ಒಡೆದಿತ್ತು. ಗುಂಪಿನಲ್ಲಿದ್ದವರನ್ನೆಲ್ಲ ಪೊಲೀಸರು ಹಿಡಿದರು, ಇವನನ್ನೂ. ಕೋರ್ಟಿನಲ್ಲಿ ಜಡ್ಜ್ ಸಾಹೇಬರು ನ್ಯಾಯಾಂಗ ಬಂಧನ ಎಂದಾಗ, ರಾಯಚೂರು ಜೈಲಿಗೆ ಒಯ್ಯುತ್ತಾರೆಂದು ತಿಳಿದು ಮೆಟ್ಟಿಲ ಮೇಲೆಯೇ ಕೂತು ಅತ್ತೆ. ಇಲ್ಲೇ ಠಾಣೆಯಲ್ಲಿ ಇಟ್ಟುಕೊಂಡರೆ ದಿನಾ ರೊಟ್ಟಿಯಾದರೂ ಕೊಡಬಹುದಿತ್ತಲ್ಲ ಎಂಬುದು ನನ್ನ ಲೆಕ್ಕ.

"ಯವ್ವಾ, ಅಳಬ್ಯಾಡ," ಎಂದರು ವಕೀಲರು. "ಪೊಲೀಸರು ತಮ್ಮ ಕಸ್ಟಡಿಗೆ ಕೇಳಿದ್ರು, ಸಾಹೇಬ್ರು ಕೊಡಲಿಲ್ಲ. ಜೈಲಾಗ ಅಂದ್ರ ಕೋರ್ಟಿನ ಕೈಯಾಗ ಇದ್ದಂಗ."

"ಅಲ್ಲಿ ರೊಟ್ಟಿ ಕೊಡ್ತಾರೇನ್ರಿ?"

"ಕೊಡ್ತಾರ. ಆದ್ರ ನಿನ್ನಂಗ ರೊಟ್ಟಿ ಬಡಿಯಾವ್ರು ಅಲ್ಲಿ ಎಲ್ಲಿ ಸಿಗಬೇಕು?"

ಅಂದಿನಿಂದ ಹಂಚಿನ ಮೇಲಿನ ಮೊದಲ ರೊಟ್ಟಿ ಅವನದು. ಬಟ್ಟೆಯಲ್ಲಿ ಸುತ್ತಿ ಎತ್ತಿಡುತ್ತಿದ್ದೆ. ಸಂಜೆ ಬಸ್ಸು ನಿಂತ ಸದ್ದಾದರೆ ಕಿವಿ ಅತ್ತಲೇ. ಮರುದಿನ ಆ ರೊಟ್ಟಿಯನ್ನು ಮಜ್ಜಿಗೆಯಲ್ಲಿ ಮುರಿದು ನಾನೇ ತಿನ್ನುತ್ತಿದ್ದೆ. ರಿಮ್ಯಾಂಡ್, ಅಂದರೆ ಜೈಲಿನ ದಿನ, ಮತ್ತೆ ಬೆಳೆಯಿತೆಂದು ವಕೀಲರ ಫೋನ್ ಬಂದ ದಿನ ಅದನ್ನೂ ದನಕ್ಕೆ ಹಾಕುತ್ತಿದ್ದೆ.

ಕೊನೆಗೆ ಜಾಮೀನು ಆಯಿತು. ಆದರೆ ಯಾರಾದರೂ ಹೊಣೆ ನಿಲ್ಲಬೇಕು, ಅವರ ಹೆಸರಲ್ಲಿ ಹೊಲ ಇರಬೇಕು ಎಂದರು ವಕೀಲರು. ತವರಿನವರು ಕೊಟ್ಟ ತುಂಡು ಹೊಲ ನನ್ನ ಹೆಸರಲ್ಲಿದೆ. ಅದರ ಪಹಣಿ ಹಿಡಿದು ನಿನ್ನೆ ಕೋರ್ಟಿಗೆ ಹೋಗಿ ನಿಂತೆ.

"ಅಜ್ಜಿ, ಅವನು ಓಡಿಹೋದರೆ ನೀವೇ ಹೊಣೆ, ಗೊತ್ತಲ್ಲ?" ಎಂದರು ಸಾಹೇಬರು.

"ಎಲ್ಲಿ ಓಡ್ತಾನ್ರಿ? ನನ್ನ ಬೆರಳು ಹಿಡದ ನಡಿಯಾಕ ಕಲ್ತಾನ."

ಸಾಹೇಬರು ನಕ್ಕು ಸಹಿ ಹಾಕಿದರು. ಅವನು ಅಂದೇ ಬಂದುಬಿಡುತ್ತಾನೆಂದು ಮನೆಗೆ ಬಂದು ರೊಟ್ಟಿ ಬಡಿದೆ. ಬಿಡುಗಡೆ ಆದೇಶ ಜೈಲು ಮುಟ್ಟುವಷ್ಟರಲ್ಲಿ ಬಿಡುವ ಹೊತ್ತು ಮೀರಿತ್ತಂತೆ. ಆ ರೊಟ್ಟಿಯೂ ಬಟ್ಟೆ ಸೇರಿತು.

ಇವತ್ತು ಬಂದ. ಸೊರಗಿದ್ದಾನೆ. ಅವನ ಕೆನ್ನೆ ಮುಟ್ಟಿದ ಕೈ ತೆಗೆಯಲು ಮನಸ್ಸೇ ಬರಲಿಲ್ಲ.

"ಅತ್ತಿ, ಜಾಮೀನು ಅಂದ್ರ ಕೇಸ್ ಮುಗದಂಗಲ್ಲ. ತಾರೀಖಿಗೊಮ್ಮೆ ಕೋರ್ಟಿಗೆ ಹೋಗಬೇಕು," ಎಂದಳು ಸೊಸೆ.

ಹೋಗಲಿ, ನಾನೂ ಜೊತೆಗೆ ಹೋಗುತ್ತೇನೆ.

ದೇವದುರ್ಗದಿಂದ ಮೊಮ್ಮಗಳೂ ಬಂದಳು. ಸಂಜೆ ಎಲ್ಲರೂ ಒಂದೇ ಸಾಲಿಗೆ ಕೂತೆವು. ಬಿಸಿ ರೊಟ್ಟಿ, ಪುಂಡಿಪಲ್ಯ. ಅವನು ಮಾತ್ರ ರೊಟ್ಟಿ ಸುತ್ತಿಟ್ಟ ಬಟ್ಟೆ ಬಿಚ್ಚಿ ನಿನ್ನೆಯದನ್ನು ತೆಗೆದ.

"ಬಿಸೀದು ತಿನ್ನೋ," ಎಂದೆ.

"ಇದೂ ನಂದ ಅಲ್ಲೇನು?" ಎಂದು ಅರ್ಧ ಮುರಿದು ನನ್ನ ತಾಟಿಗೆ ಇಟ್ಟ. ಇಬ್ಬರೂ ಪಲ್ಯ ಹಚ್ಚಿಕೊಂಡು ತಿಂದೆವು.