ತಿರುಗಿ ಬಾರದ ಥ್ರಾಟಲ್

ಲಂಡನ್ನಿನ ಗ್ರೀನ್‌ಫರ್ಡಿನ ಆ ಶೆಡ್ಡಿಗೆ ಕಿಟಕಿ ಇರಲಿಲ್ಲ. ಹಿಮದ ಮೇಲೆ ಓಡಿಸುವ ಸ್ನೋಮೊಬೈಲ್‌ಗಳನ್ನು ಬಾಡಿಗೆಗೆ ಕೊಡುವ ಸಣ್ಣ ಕಂಪನಿ ಅದು. ಬೇಸಿಗೆಯಿಡೀ ಗಾಡಿಗಳು ನಮ್ಮಲ್ಲಿ ಬಿಚ್ಚಿಕೊಂಡು ಕೂತಿರುತ್ತಿದ್ದವು. ಚಳಿ ಶುರುವಾದರೆ ಲಾರಿ ಹತ್ತಿ ನಾರ್ವೆಗೆ ಹೋಗುತ್ತಿದ್ದವು. ಧಾರವಾಡದಲ್ಲಿ ಆರು ವರ್ಷ ಟ್ರ್ಯಾಕ್ಟರ್ ರಿಪೇರಿ ಮಾಡಿದ್ದ ನನಗೆ ಲಂಡನ್ನಿನ ವೀಸಾ ಸಿಕ್ಕಿದ್ದು ಈ ಕೆಲಸದಿಂದ. ಅದು ಹೋದರೆ ಅರವತ್ತು ದಿನದೊಳಗೆ ವೀಸಾಕ್ಕೆ ಹೊಣೆ ನಿಲ್ಲುವ ಬೇರೆ ಸ್ಪಾನ್ಸರ್ ಕಂಪನಿ ಹುಡುಕಬೇಕು. ಇಲ್ಲವಾದರೆ ಗಂಡ, ಮಗಳ ಜೊತೆ ಗಂಟುಮೂಟೆ ಕಟ್ಟಬೇಕು. ಕಿಂಗ್ಸ್‌ಬರಿಯ ನಮ್ಮ ಫ್ಲ್ಯಾಟಿನಿಂದ ಹೊರಟು ಬಸ್ಸಿನಲ್ಲಿ ಕೂತಾಗಲೆಲ್ಲ ಆ ಅರವತ್ತು ದಿನ ನನ್ನ ಪಕ್ಕದಲ್ಲೇ ಕೂತಿರುತ್ತಿತ್ತು.

ಶೆಡ್ಡಿನ ಸೂಪರ್‌ವೈಸರ್ ಉಡುಪಿ ಕಡೆಯವರು, ಅರವತ್ತರ ಹತ್ತಿರದ ವಯಸ್ಸು. ಮನೆಯಲ್ಲಿ ಕೊಂಕಣಿ, ನನ್ನ ಹತ್ತಿರ ಕನ್ನಡ. ಮೊದಲ ದಿನವೇ ಹೇಳಿದ್ದರು: "ಟ್ರ್ಯಾಕ್ಟರ್ ಕೆಟ್ಟರೆ ಗದ್ದೆಯಲ್ಲಿ ನಿಲ್ತದೆ. ಇದು ಕೆಟ್ಟರೆ ನಿಲ್ಲುವುದೇ ಇಲ್ಲ. ಅದನ್ನು ಮರೀಬೇಡಿ."

ಪರೀಕ್ಷೆ ಮಾಡುವುದನ್ನು ಅವರೇ ಕಲಿಸಿದರು. ಚಕ್ರದ ಬದಲು ಕೆಳಗೆ ತಿರುಗುವ ರಬ್ಬರ್ ಪಟ್ಟಿಯ ಬಿಗಿ, ಮುಂದೆ ಹಿಮದ ಮೇಲೆ ಜಾರುವ ಸ್ಕೀ ಪಟ್ಟಿಗಳ ಬೋಲ್ಟು, ಬ್ರೇಕು. ಆಮೇಲೆ ಗಾಡಿಯ ಹಿಂಭಾಗ ಎತ್ತಿ ಸ್ಟ್ಯಾಂಡಿಗೆ ಕೂಡಿಸಿ, ಹಿಂದೆ ಯಾರೂ ಇಲ್ಲವೆಂದು ನೋಡಿ, ಎಂಜಿನ್ ಚಾಲು ಮಾಡಬೇಕು. ವೇಗ ಕೊಡುವ ಥ್ರಾಟಲನ್ನು ಒತ್ತಿ ಬಿಟ್ಟರೆ ಅದು ತಟ್ಟನೆ ತಿರುಗಿ ಬರಬೇಕು, ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ಹೊರಳಿಸಿದಾಗಲೂ. ಕೊನೆಗೆ, ಸವಾರನ ಕೈಗೆ ಕಟ್ಟುವ ಹಗ್ಗ ಕಿತ್ತರೆ ಎಂಜಿನ್ ಸಾಯಬೇಕು. ಎಲ್ಲ ಸರಿಯಿದ್ದರೆ ಪರೀಕ್ಷೆಯ ಶೀಟಿನ ಕೆಳಗೆ ನನ್ನ ಸಹಿ.

ನವೆಂಬರಿನ ಒಂದು ಶುಕ್ರವಾರ ನಾಲ್ಕು ಗಾಡಿ ಹೊರಡಬೇಕಿತ್ತು. ಮೂರು ಪಾಸಾದವು. ನಾಲ್ಕನೆಯದರಲ್ಲಿ ಹ್ಯಾಂಡಲ್ ಎಡಕ್ಕೆ ತಿರುಗಿಸಿದಾಗ ಥ್ರಾಟಲ್ ಚೂರು ಸೋಮಾರಿತನದಿಂದ ಹಿಂದಕ್ಕೆ ಬಂತು. ಅದನ್ನು ಎಂಜಿನ್ನಿಗೆ ಜೋಡಿಸುವ ಕೇಬಲ್ ಕಳಚಿ ನೋಡಿದೆ. ಬಾಗುವ ಜಾಗದಲ್ಲಿ ಮೇಲಿನ ಕವಚ ಸೀಳಿತ್ತು. ಹಿಂಡಿದರೆ ಹನಿ ನೀರು.

"ಇಷ್ಟು ನಡೀತದೆ ಮಾರಾಯ್ರೆ," ಎಂದರು ಸೂಪರ್‌ವೈಸರ್. "ಹೊಸ ಕೇಬಲ್ ಬರುವುದು ಮಂಗಳವಾರ. ಲಾರಿ ನಾಲ್ಕು ಗಂಟೆಗೆ ಹೊರಡ್ತದೆ."

"ಇಲ್ಲಿ ನಡೀತೈತ್ರಿ. ಅಲ್ಲಿ ಒಳಗಿನ ನೀರು ಹೆಪ್ಪುಗಟ್ಟಿದ್ರ?"

ನಾನು ಕೇಬಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಟೀ ರೂಮಿನ ಫ್ರೀಜರಿನಲ್ಲಿ, ಬಟಾಣಿ ಪೊಟ್ಟಣದ ಪಕ್ಕ ಇಟ್ಟೆ. ಊಟ ಮುಗಿಸಿ ತೆಗೆದು ಎಳೆದರೆ ತಂತಿ ಅಲ್ಲಾಡಲಿಲ್ಲ. ಅವರೂ ಎಳೆದು ನೋಡಿದರು. ನಂತರ ಮಾಲೀಕನಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದರು.

"ಎರಡು ಸೀಸನ್ ಓಡಿದೆ, ಏನೂ ಆಗಿಲ್ಲ. ಅದನ್ನೇ ಹಾಕಿ ಅವಳ ಸಹಿ ತಗೊ," ಎಂದ ಆತ ಇಂಗ್ಲಿಷಿನಲ್ಲಿ. ಸ್ವಲ್ಪ ತಡೆದು, "ಅವಳ ವೀಸಾ ಮಾರ್ಚಿಗೆ ರಿನ್ಯೂ ಆಗಬೇಕಲ್ಲವಾ?" ಎಂದು ಕೇಳಿದ. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ.

ಹೊರಗೆ ಲಾರಿ ಹಿಮ್ಮುಖವಾಗಿ ಬಂದು ಬಾಗಿಲಿಗೆ ಒತ್ತಿ ನಿಂತಿತ್ತು. ಗಂಡನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಕೇಳಿಸಿಕೊಂಡು, "ನಿನಗ ತಿಳಿದಂಗ ಮಾಡು," ಎಂದ. ಸಹಿ ಹಾಕು ಎಂದಿದ್ದರೆ ಜಗಳವಾದರೂ ಆಡಬಹುದಿತ್ತು. ಅವನ ಹಿಂದೆ ಮಗಳು "ಈಸ್ ದಟ್ ಮಮ್ಮಿ?" ಎಂದು ಕೇಳುತ್ತಿದ್ದಳು.

ಶೀಟಿನ ಮುಂದೆ ನಿಂತೆ. ನಾನು ಸಹಿ ಹಾಕದಿದ್ದರೆ ಇನ್ಯಾರೋ ಹಾಕುತ್ತಾರೆ, ಗಾಡಿಯಂತೂ ಹೋಗುತ್ತದೆ. ಅದು ಹೊಳೆದ ಮೇಲೆ ಹೆಚ್ಚು ಯೋಚಿಸಲಿಲ್ಲ. ಕಟ್ಟರ್ ತೆಗೆದುಕೊಂಡು ಕೇಬಲನ್ನು ನಡುವೆ ಕತ್ತರಿಸಿದೆ.

"ಎಂತ ಮಾಡಿದ್ರಿ ನೀವು?" ಎಂದರು ಸೂಪರ್‌ವೈಸರ್.

"ಇನ್ನ ಯಾರಿಗೂ ಸಹಿ ಮಾಡಾಕ ಬರಂಗಿಲ್ರಿ."

ಅವರು ಎರಡೂ ತುಂಡುಗಳನ್ನು ಎತ್ತಿಕೊಂಡರು. ಮತ್ತೆ ಮಾಲೀಕನಿಗೆ ಫೋನ್ ಹಚ್ಚಿ, "ಕೇಬಲ್ ತುಂಡಾಗಿದೆ, ಮೂರೇ ಹೋಗ್ತವೆ," ಎಂದಷ್ಟೇ ಹೇಳಿದರು. ಹೇಗೆ ತುಂಡಾಯಿತೆಂದು ಆತ ಕೇಳಿದ್ದು ನನಗೂ ಕೇಳಿಸಿತು. "ಹಳೆಯದಾಗಿತ್ತು," ಎಂದರು.

ಲಾರಿ ಮೂರು ಗಾಡಿ ಹೊತ್ತು ಹೋಯಿತು. ನಾನು ಟಾಯ್ಲೆಟ್ಟಿಗೆ ಹೋಗಿ ಚಿಲಕ ಹಾಕಿಕೊಂಡೆ.

ಬುಧವಾರ ಹೊಸ ಕೇಬಲ್ ಹಾಕಿದೆ. ಮಾಲೀಕ ಆ ವಿಷಯ ಎತ್ತಲೇ ಇಲ್ಲ. ಮಾರ್ಚಿನಲ್ಲಿ ವೀಸಾ ರಿನ್ಯೂ ಆಯಿತು, ಅದೇ ಕಂಪನಿಗೆ, ಇನ್ನೂ ಮೂರು ವರ್ಷಕ್ಕೆ. ಗಂಡ ಜಿಲೇಬಿ ತಂದ. ಎರಡು ತಿಂದೆ, ಮೂರನೆಯದನ್ನು ಮಗಳ ತಟ್ಟೆಗೆ ಹಾಕಿದೆ.

ಮುಂದಿನ ಸೋಮವಾರ ಬೆಳಿಗ್ಗೆ ಎಂಟಕ್ಕೆ ಶೆಡ್ಡಿಗೆ ಹೋದಾಗ ಮೇಜಿನ ಮೇಲೆ ಹೊಸ ಶೀಟುಗಳ ಕಟ್ಟು ಇತ್ತು. 'ಪರೀಕ್ಷೆ ಮಾಡಿದವರು' ಎಂಬಲ್ಲಿ ಸೂಪರ್‌ವೈಸರ್ ಹೆಸರು ಮೊದಲೇ ಅಚ್ಚಾಗಿತ್ತು. ಅವರು ನನ್ನ ಮುಖ ನೋಡದೆ, "ಮಾಲೀಕರು ಹೇಳಿದ್ದು. ಇನ್ನು ಮುಂದೆ ಕೆಲಸ ನಿಮ್ಮದೇ, ಸಹಿ ಮಾತ್ರ ನನ್ನದು. ಬೇಜಾರು ಮಾಡ್ಬೇಡಿ," ಎಂದರು. ನಾನು ಕೈಗವಸು ಹಾಕಿಕೊಂಡು, ನಾರ್ವೆಯಿಂದ ರಿಪೇರಿಗೆ ವಾಪಸ್ ಬಂದಿದ್ದ ಮೊದಲ ಗಾಡಿಯನ್ನು ಸ್ಟ್ಯಾಂಡಿಗೆ ಎತ್ತಿದೆ.